ದಿಶಾಂಕ್: ಹೊಸ ರಸ್ತೆಯ ಗೆರೆ ಹೊಲದ ಮೇಲೆ ಬಿದ್ದಾಗ ಈ ಆ್ಯಪ್ ಎಲ್ಲಿಯವರೆಗೆ ಕೈಹಿಡಿಯುತ್ತದೆ?

ಊರಿಗೆ ಹೊಸ ರಸ್ತೆ ಬರುತ್ತದೆ ಎಂಬ ಸುದ್ದಿ ಮೊದಲು ತಲುಪುವುದು ಕಾಗದದ ಮೂಲಕ ಅಲ್ಲ. ಬದುವಿನ ಮೇಲೆ ಯಾರೋ ನೆಟ್ಟುಹೋದ ಕೆಂಪು ಬಣ್ಣದ ಗೂಟ, ಮೇಲೆ ಹಾರಾಡಿದ ಡ್ರೋನ್, ಪಕ್ಕದ ಹಳ್ಳಿಯಲ್ಲಿ ಹೂತ ಕಲ್ಲು, ಇವುಗಳ ಮೂಲಕ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ರೈತರಿಗೆ ಇದು ಹೊಸದೇನಲ್ಲ. ಸೂರತ್–ಚೆನ್ನೈ ಕಾರಿಡಾರ್‌ನ ಅಕ್ಕಲಕೋಟೆ–ಕರ್ನೂಲು ಭಾಗ ರಾಯಚೂರು ಜಿಲ್ಲೆಯನ್ನು ಹಾದುಹೋಗುತ್ತದೆ. ಬೆಳಗಾವಿ–ಹುನಗುಂದ–ರಾಯಚೂರು ನಡುವಿನ 748ಎ ಹೆದ್ದಾರಿ ಇದೆ. ಲಿಂಗಸುಗೂರು, ಸಿಂಧನೂರು, ಸಿರುಗುಪ್ಪ ಮೇಲೆ ಬಳ್ಳಾರಿಗೆ ಬರುವ 150ಎ, ಕೊಪ್ಪಳ–ಹೊಸಪೇಟೆ–ಬಳ್ಳಾರಿಯ 67 ಇವೆ. ಹೆದ್ದಾರಿ ಅಗಲವಾಗಲಿ, ಊರ ಹೊರಗೆ ಬೈಪಾಸ್ ಬರಲಿ, ಗೆರೆ ಎಳೆದಲ್ಲೆಲ್ಲ ರೈತರ ಮೊದಲ ಪ್ರಶ್ನೆ ಒಂದೇ: ನನ್ನ ಸರ್ವೆ ನಂಬರ್ ಹೋಗುತ್ತದೆಯೋ, ಉಳಿಯುತ್ತದೆಯೋ?

ಆ ಪ್ರಶ್ನೆಗೆ ಫೋನಿನಲ್ಲೇ ಉತ್ತರ ಹುಡುಕಲು ಇವತ್ತು ಇರುವ ಅತ್ಯುತ್ತಮ ಸಾಧನ ದಿಶಾಂಕ್. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ತಯಾರಿಸಿದ ಉಚಿತ ಆ್ಯಪ್ ಇದು. ಕಂದಾಯ ಇಲಾಖೆಯ ಗ್ರಾಮ ನಕಾಶೆಗಳನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿ, ನಿಂತ ಜಾಗದ ಸರ್ವೆ ನಂಬರ್ ಯಾವುದು ಎಂದು ತೋರಿಸುತ್ತದೆ. ಇದನ್ನು ಸಾಮಾನ್ಯವಾಗಿ ಸೈಟು ಕೊಳ್ಳುವವರ ಕಣ್ಣಿನಿಂದ ನೋಡಿ ಹೊಗಳುತ್ತಾರೆ, ತೆಗಳುತ್ತಾರೆ. ಇಲ್ಲಿ ನೋಡಿರುವುದು ರಸ್ತೆಗೆ ಹೊಲ ಕಳೆದುಕೊಳ್ಳಲಿರುವ ರೈತನ ಕಣ್ಣಿನಿಂದ. ಆ ಲೆಕ್ಕದಲ್ಲಿ ಈ ಆ್ಯಪ್‌ನ ನಿಜವಾದ ಬೆಲೆ ಇರುವುದು, ರಾಷ್ಟ್ರೀಯ ಹೆದ್ದಾರಿಯ ಅಧಿಸೂಚನೆ ಬಂದ ಮೇಲೆ ಆಕ್ಷೇಪಣೆ ಕೊಡಲು ಸಿಗುವ ಮೊದಲ 21 ದಿನಗಳಲ್ಲಿ. ಅಷ್ಟರೊಳಗೆ ಇದನ್ನು ಸರಿಯಾಗಿ ಬಳಸಿದವರಿಗೆ ಇದು ದೊಡ್ಡ ಆಸರೆ. ಇದು ತೋರಿಸಿದ ಗೆರೆಯನ್ನೇ ಹದ್ದು ಎಂದು ನಂಬಿ ಕೂತವರಿಗೆ ದೊಡ್ಡ ಮೋಸ.

ಮೊದಲು ಬಳಕೆ. ಆ್ಯಪ್ ತೆರೆದು ಲೊಕೇಶನ್‌ಗೆ ಅನುಮತಿ ಕೊಡಿ. ಮರದ ಕೆಳಗೆ ಅಥವಾ ಪಂಪ್‌ಸೆಟ್ ಮನೆಯೊಳಗೆ ನಿಂತು ನೋಡಬೇಡಿ. ಬಯಲಿಗೆ ಬಂದು ಒಂದು ನಿಮಿಷ ಕಾಯಿರಿ, ನೀಲಿ ಚುಕ್ಕೆ ಅಲುಗಾಡುವುದು ನಿಲ್ಲಲಿ. ಬಯಲಿನಲ್ಲೂ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಆಗಿಯೇ ಆಗುತ್ತದೆ. ಗ್ರಾಮ, ಹೋಬಳಿ, ತಾಲೂಕಿನ ಜೊತೆ ಸರ್ವೆ ನಂಬರ್ ಬರುತ್ತದೆ. ಅಲ್ಲಿಂದ ಹಿಸ್ಸಾ (ಸರ್ವೆ ನಂಬರ್ ಒಳಗಿನ ಪಾಲು) ಆರಿಸಿದರೆ ಭೂಮಿ ದಾಖಲೆಯಲ್ಲಿರುವ ಖಾತೆದಾರರ ಹೆಸರು, ವಿಸ್ತೀರ್ಣ ಸಿಗುತ್ತವೆ. ‘ಸರ್ನಾಕ್’ ಎಂದು ಕೇಳುವ ಕಡೆ ಬಹುತೇಕ ಹೊಲಗಳಿಗೆ ನಕ್ಷತ್ರದ ಗುರುತು ಇರುತ್ತದೆ, ಅದನ್ನೇ ಆರಿಸಿ. ಹೊಲಕ್ಕೆ ಹೋಗಲಾಗದವರು ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಆರಿಸಿ ನಂಬರ್ ಹಾಕಿಯೂ ಹುಡುಕಬಹುದು. ದೂರ ಮತ್ತು ವಿಸ್ತೀರ್ಣ ಅಳೆಯುವ ಸೌಲಭ್ಯವೂ ಇದೆ. ರಸ್ತೆಯ ವಿಷಯದಲ್ಲಿ ಹೆಚ್ಚು ಬೇಕಾಗುವುದು ಅದೇ.

ಗೂಟ ಅಥವಾ ಕಲ್ಲು ನೆಟ್ಟಿದ್ದರೆ ಊರಿನ ನಾಲ್ಕೈದು ಜನ ಸೇರಿ ಒಂದು ಬೆಳಿಗ್ಗೆ ಆ ಸಾಲಿನುದ್ದಕ್ಕೂ ನಡೆಯುವುದು ಒಳ್ಳೆಯದು. ಪ್ರತಿ ಕಲ್ಲಿನ ಬಳಿ ನಿಂತು ಸ್ಕ್ರೀನ್‌ಶಾಟ್ ತೆಗೆಯಿರಿ. ಕಲ್ಲಿನ ಮೇಲೆ ಬರೆದ ಅಂಕಿಯ ಫೋಟೊ ತೆಗೆದು, ಅಕ್ಷಾಂಶ–ರೇಖಾಂಶವನ್ನು ಐದು ದಶಾಂಶ ಸ್ಥಾನದವರೆಗೆ ಬರೆದುಕೊಳ್ಳಿ. ನಾಲ್ಕು ಸ್ಥಾನಕ್ಕೆ ನಿಲ್ಲಿಸಿದರೆ 11 ಮೀಟರ್‌ವರೆಗೂ ವ್ಯತ್ಯಾಸ ಬರುತ್ತದೆ, ಐದಕ್ಕೆ ಹೋದರೆ ಅದು ಒಂದು ಮೀಟರ್ ಆಸುಪಾಸಿಗೆ ಇಳಿಯುತ್ತದೆ. ನಡುವಿನ ಗೆರೆಯ ಕಲ್ಲು ಯಾವುದು, ಅಂಚಿನ ಕಲ್ಲು ಯಾವುದು ಎಂದು ಸರ್ವೆಗೆ ಬಂದವರನ್ನೇ ಕೇಳಿ ತಿಳಿದುಕೊಳ್ಳಿ. ನಡುಗಲ್ಲನ್ನು ಅಂಚೆಂದು ತಿಳಿದರೆ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ನಾಲ್ಕು ಪಥದ ಹೊಸ ಹೆದ್ದಾರಿಗೆ ಸಾಮಾನ್ಯವಾಗಿ 60 ಮೀಟರ್ ಅಗಲ ಬೇಕು. ನಡುಗಲ್ಲಿನಿಂದ ಎರಡೂ ಬದಿಗೆ 30 ಮೀಟರ್ ಹಿಡಿಯಬೇಕು.

60 ಮೀಟರ್ ಅಂದರೆ ಹೊಲಕ್ಕೆ ಏನರ್ಥ? ನಾಲ್ಕು ಎಕರೆಯ ಚೌಕದ ಹೊಲ ಎಂದಿಟ್ಟುಕೊಳ್ಳಿ, ಒಂದು ಬದಿ ಸುಮಾರು 127 ಮೀಟರ್. ರಸ್ತೆ ನಡುವೆ ನೇರವಾಗಿ ಸೀಳಿಕೊಂಡು ಹೋದರೆ 1 ಎಕರೆ 35 ಗುಂಟೆ ಹೋಗುತ್ತದೆ. ಆಚೆ 42, ಈಚೆ 42 ಗುಂಟೆಯ ಎರಡು ಪಟ್ಟಿ ಉಳಿಯುತ್ತವೆ. ಅದೇ ರಸ್ತೆ ಮೂಲೆಯಿಂದ ಮೂಲೆಗೆ ಓರೆಯಾಗಿ ಹೋದರೆ 2 ಎಕರೆ 9 ಗುಂಟೆ ಹೋಗಿ, ಎರಡು ಮೂಲೆಗಳಲ್ಲಿ 35 ಗುಂಟೆಯ ಒಂದೊಂದು ತ್ರಿಕೋನ ಉಳಿಯುತ್ತದೆ. ತ್ರಿಕೋನದ ಹೊಲದಲ್ಲಿ ಟ್ರ್ಯಾಕ್ಟರ್ ತಿರುಗಿಸಲು ಜಾಗವಿಲ್ಲ, ಕೂರಿಗೆ ಸಾಲು ಮೂಲೆಗೆ ಬಂದು ಸಾಯುತ್ತದೆ, ಗದ್ದೆಯಾದರೆ ಮಡಿ ಕಟ್ಟುವುದೇ ಕಷ್ಟ. ಪಹಣಿಯಲ್ಲಿ 35 ಗುಂಟೆ ಉಳಿದಿದೆ ಎಂದು ಕಾಣುತ್ತದೆ. ಬೇಸಾಯಕ್ಕೆ ಉಳಿದದ್ದು ಅದಕ್ಕಿಂತ ಎಷ್ಟೋ ಕಡಿಮೆ. ರಸ್ತೆ ನಿಮ್ಮ ಹೊಲವನ್ನು ಯಾವ ಕೋನದಲ್ಲಿ ಕತ್ತರಿಸುತ್ತದೆ ಎಂದು ದಿಶಾಂಕ್‌ನ ಅಳತೆ ಸೌಲಭ್ಯದಿಂದ ಮೊದಲ ದಿನವೇ ಕಾಣಬಹುದು. ಈ ಒಂದು ಕೆಲಸಕ್ಕೆ ಇದಕ್ಕಿಂತ ಸುಲಭದ ಸಾಧನ ರೈತನ ಕೈಯಲ್ಲಿ ಹಿಂದೆಂದೂ ಇರಲಿಲ್ಲ. ಮೊದಲೆಲ್ಲ ಇಷ್ಟು ತಿಳಿಯಲು ತಾಲೂಕು ಕಚೇರಿಯಿಂದ ನಕಾಶೆ ತಂದು, ಟ್ರೇಸಿಂಗ್ ಹಾಳೆ ಹರಡಿ ಕೂರಬೇಕಿತ್ತು.

ಆ್ಯಪ್ ತೋರಿಸದ ಮೂರು ಸಂಗತಿ

ಒಂದು, ಹಿಸ್ಸಾ. ದಿಶಾಂಕ್ ಸರ್ವೆ ನಂಬರ್‌ನ ಹೊರಗೆರೆ ತೋರಿಸುತ್ತದೆ, ಒಳಗಿನ ಹಿಸ್ಸೆಗಳ ಗೆರೆ ತೋರಿಸುವುದಿಲ್ಲ. ಸರ್ವೆ ನಂಬರ್ 88 ಹದಿನೆಂಟು ಎಕರೆ, ಒಳಗೆ ಐದು ಹಿಸ್ಸೆ ಎಂದರೆ, ಐವರ ಹೆಸರೂ ಆ್ಯಪ್‌ನಲ್ಲಿ ಬರುತ್ತದೆ. ರಸ್ತೆ ಯಾರ ಪಾಲಿನ ಮೇಲೆ ಬೀಳುತ್ತದೆ ಎಂಬುದು ಬರುವುದಿಲ್ಲ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಪೋಡಿ (ಪಾಲನ್ನು ಅಳೆಸಿ ದಾಖಲೆಯಲ್ಲಿ ಬೇರೆ ಮಾಡುವುದು) ಮಾಡಿಸದೆ ಬಿಟ್ಟ ಹೊಲಗಳಲ್ಲಿ ಜಗಳ ಶುರುವಾಗುವುದು ಇಲ್ಲಿಯೇ. ರಸ್ತೆ ಹೋಗುವುದು ತಮ್ಮನ ಪಾಲಿನಲ್ಲಿ, ಪರಿಹಾರದ ಪಟ್ಟಿಯಲ್ಲಿ ಜಂಟಿ ಖಾತೆಯ ಎಲ್ಲರ ಹೆಸರು. ಹಂಚಿಕೆಗೆ ತಕರಾರು ಬಂದರೆ ಹಣ ಸಿವಿಲ್ ಕೋರ್ಟಿನ ದಾರಿ ಹಿಡಿಯುತ್ತದೆ. ಆದ್ದರಿಂದ ಗೂಟ ಕಂಡ ದಿನವೇ ಸರ್ವೆ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಮೋಜಿಣಿಯಲ್ಲಿ ಪೋಡಿಗೆ, ಪಾಲು ಪತ್ರ ಬರೆಸುವುದಿದ್ದರೆ ನೋಂದಣಿಗೆ ಮುಂಚೆ ಬೇಕಾಗುವ 11ಇ ನಕ್ಷೆಗೆ ಅರ್ಜಿ ಹಾಕಿ. ತಂದೆ, ತಾತನ ಹೆಸರಿನಲ್ಲೇ ಪಹಣಿ ಇದ್ದರೆ ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಅದಕ್ಕೂ ಮೊದಲು ಹಾಕಿ. ಭೂಮಾಪಕರು ಬಂದು ಅಳೆಯುವವರೆಗೆ ವಾರಗಟ್ಟಲೆ ಹಿಡಿಯುವ ಕೆಲಸ ಇದು. ಅಧಿಸೂಚನೆ ಬಂದ ಮೇಲೆ ಶುರು ಮಾಡಿದರೆ ಅದು ರಸ್ತೆಯ ಹಿಂದೆ ಓಡುತ್ತಲೇ ಇರುತ್ತದೆ.

ಎರಡು, ಖರಾಬು. ಪಹಣಿಯ 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣದಿಂದ ‘ಅ’ ಖರಾಬು, ‘ಬ’ ಖರಾಬು ಕಳೆದು ಉಳಿದ ಸಾಗುವಳಿ ವಿಸ್ತೀರ್ಣ ಬರೆದಿರುತ್ತಾರೆ. ‘ಅ’ ಖರಾಬು ಬೇಸಾಯಕ್ಕೆ ಬಾರದ ಜಾಗ, ಆದರೆ ಹಿಡುವಳಿದಾರನದೇ. ‘ಬ’ ಖರಾಬು ಹಳ್ಳ, ದಾರಿ, ಸಾರ್ವಜನಿಕ ಬಳಕೆಗೆ ಬಿಟ್ಟದ್ದು, ಅದಕ್ಕೆ ರೈತನಿಗೆ ಪರಿಹಾರವಿಲ್ಲ. ರಸ್ತೆ ಹಳ್ಳದ ಅಂಚಿಗೆ ಬಂದಲ್ಲಿ ನಿಮ್ಮ ಸಾಗುವಳಿ ಜಮೀನಿನ ಕೆಲವು ಗುಂಟೆ ‘ಬ’ ಖರಾಬಿನ ಲೆಕ್ಕಕ್ಕೆ ಸೇರಿಹೋಗಬಹುದು. ಆ್ಯಪ್‌ನ ಗೆರೆ ಇದನ್ನು ಬಿಡಿಸಿ ಹೇಳದು. ಟಿಪ್ಪಣಿ (ಮೂಲ ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ತೆಗೆದು ನೋಡುವುದೊಂದೇ ದಾರಿ.

ಮೂರು, ಹದ್ದಿನ ಖಚಿತತೆ. ಹಳೆಯ ಗ್ರಾಮ ನಕಾಶೆಯನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಹೊಂದಿಸಿದ್ದರಿಂದ ಕೆಲವೆಡೆ ಗೆರೆ ಬದುವಿನ ಮೇಲೆ ಸರಿಯಾಗಿ ಕೂರುತ್ತದೆ, ಕೆಲವೆಡೆ ಪಕ್ಕದವರ ಹೊಲದೊಳಗೆ ಜಾರಿರುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ಜಾಗ ಬದಲಿಸದ ವಸ್ತುವೊಂದನ್ನು ಹಿಡಿಯಿರಿ: ಮೂರು ಊರಿನ ಗಡಿ ಕೂಡುವ ಕಲ್ಲು, ಹಳೆಯ ಬಾಂದು ಕಲ್ಲು, ನಕಾಶೆಯಲ್ಲಿರುವ ಬಂಡಿ ದಾರಿ ಹಳ್ಳ ದಾಟುವ ಜಾಗ. ಅಲ್ಲಿ ನಿಂತಾಗ ಆ್ಯಪ್‌ನ ಗೆರೆ ಎಷ್ಟು ಮೀಟರ್, ಯಾವ ದಿಕ್ಕಿಗೆ ಸರಿದಿದೆ ಎಂದು ನೋಡಿ. ಊರಿನ ನಾಲ್ಕು ಕಡೆ ಹೀಗೆ ನೋಡಿದಾಗ ಎಲ್ಲ ಕಡೆ ಒಂದೇ ದಿಕ್ಕಿಗೆ ಅಷ್ಟೇ ಸರಿದಿದ್ದರೆ ಅದನ್ನು ಕಳೆದು ಓದಬಹುದು. ಒಂದೊಂದು ಕಡೆ ಒಂದೊಂದು ರೀತಿ ಇದ್ದರೆ ಆ ಗ್ರಾಮಕ್ಕೆ ಆ್ಯಪ್‌ನ ಗೆರೆಯನ್ನು ಅಂದಾಜಿಗಷ್ಟೇ ಬಳಸಿ. ಯಾವ ಸಂದರ್ಭದಲ್ಲೂ ಇದರ ಸ್ಕ್ರೀನ್‌ಶಾಟ್ ಹದ್ದಿನ ಪುರಾವೆಯಾಗುವುದಿಲ್ಲ. ಅದಕ್ಕೆ ಸರ್ವೆ ಇಲಾಖೆಯ ಭೂಮಾಪಕರು ಮಾಡುವ ಹದ್ದುಬಸ್ತು ಅಳತೆಯೇ ಬೇಕು.

ನಮ್ಮ ಭಾಗದಲ್ಲಿ ಇದರ ಮೇಲೆ ಇನ್ನೊಂದು ತೊಡಕಿದೆ. ರಾಯಚೂರು, ಕೊಪ್ಪಳದ ಹಳೆಯ ಸರ್ವೆ ನಿಜಾಮರ ಹೈದರಾಬಾದ್ ಸಂಸ್ಥಾನದ ಕಾಲದ್ದು. ಮೂಲ ದಾಖಲೆಗಳು ಉರ್ದುವಿನಲ್ಲಿವೆ, ಓದಿ ಹೇಳುವವರು ಈಗ ವಿರಳ. ಬಳ್ಳಾರಿ, ಸಿರುಗುಪ್ಪ ಕಡೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ಅಲ್ಲಿಯ ಹಳೆ ಪತ್ರಗಳಲ್ಲಿ ಎಕರೆ–ಸೆಂಟ್ಸ್ ಲೆಕ್ಕ. ಒಂದು ಎಕರೆಗೆ 40 ಗುಂಟೆ, ಆದರೆ 100 ಸೆಂಟ್ಸ್. ಗುಂಟೆಗೆ ಎರಡೂವರೆ ಸೆಂಟ್ಸ್. ಪತ್ರದಲ್ಲಿ 2.20 ಎಂದು ಬರೆದಿದ್ದರೆ ಅದು 2 ಎಕರೆ 20 ಗುಂಟೆಯೋ, 2 ಎಕರೆ 20 ಸೆಂಟ್ಸೋ? ಮೊದಲನೆಯದು ಎರಡೂವರೆ ಎಕರೆ, ಎರಡನೆಯದು 2 ಎಕರೆ 8 ಗುಂಟೆ. ವ್ಯತ್ಯಾಸ 12 ಗುಂಟೆ.

ಗೆಜೆಟ್ ಬಂದಾಗ ಲೆಕ್ಕ ಇನ್ನೊಮ್ಮೆ ಬದಲಾಗುತ್ತದೆ, ಏಕೆಂದರೆ ಅಲ್ಲಿ ಹೆಕ್ಟೇರ್ ಇಲ್ಲವೇ ಚದರ ಮೀಟರ್‌ನಲ್ಲಿ ಬರೆದಿರುತ್ತಾರೆ. 1 ಹೆಕ್ಟೇರ್ ಅಂದರೆ 2 ಎಕರೆ 18.8 ಗುಂಟೆ. 1 ಗುಂಟೆ ಅಂದರೆ 101.17 ಚದರ ಮೀಟರ್. ಪಟ್ಟಿಯಲ್ಲಿ 0.3250 ಹೆಕ್ಟೇರ್ ಕಂಡರೆ 3,250 ಚದರ ಮೀಟರ್, 101.17ರಿಂದ ಭಾಗಿಸಿದರೆ 32 ಗುಂಟೆ. ದಿಶಾಂಕ್‌ನಲ್ಲಿ ನೀವು ಅಳೆದ ಪಟ್ಟಿಗೂ ಈ ಅಂಕಿಗೂ ಎರಡು ಮೂರು ಗುಂಟೆ ವ್ಯತ್ಯಾಸ ಬಂದರೆ ಗಾಬರಿ ಬೇಡ. ಹತ್ತು ಹದಿನೈದು ಗುಂಟೆ ಬಂದರೆ ಮಾತ್ರ ಆ ನಂಬರ್ ನಿಮ್ಮದೇ ಹಿಸ್ಸೆಯದೋ, ಪಕ್ಕದ ನಂಬರಿನ ಭಾಗವೂ ಸೇರಿದೆಯೋ ನೋಡಿ.

21 ದಿನ

ರಾಷ್ಟ್ರೀಯ ಹೆದ್ದಾರಿಗೆ ಭೂಮಿ ತೆಗೆದುಕೊಳ್ಳುವುದು 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆಯ ಅಡಿ. ಮೊದಲು 3(ಎ) ಅಧಿಸೂಚನೆಯಲ್ಲಿ ಭೂಸ್ವಾಧೀನದ ಸಕ್ಷಮ ಪ್ರಾಧಿಕಾರಿ ಯಾರೆಂದು ಹೆಸರಿಸುತ್ತಾರೆ. ನಂತರ 3ಎ ಅಧಿಸೂಚನೆ. ಆವರಣ ಚಿಹ್ನೆ ಇರುವುದು ಒಂದು, ಇಲ್ಲದ್ದು ಇನ್ನೊಂದು. ಕನ್ನಡದಲ್ಲಿ ಎರಡನ್ನೂ ‘ಮೂರು ಎ’ ಎಂದೇ ಹೇಳುವುದರಿಂದ ಊರುಗಳಲ್ಲಿ ದೊಡ್ಡ ಗೊಂದಲ. ಸರ್ವೆ ನಂಬರ್‌ಗಳ ಪಟ್ಟಿ ಇರುವುದು ಎರಡನೆಯದರಲ್ಲಿ. ಕಾಯ್ದೆಯ 3ಸಿ ಕಲಂ ಪ್ರಕಾರ ಆ ಪ್ರಕಟಣೆಯಿಂದ 21 ದಿನದೊಳಗೆ ಲಿಖಿತ ಆಕ್ಷೇಪಣೆ ಕೊಡಬೇಕು. ಅಧಿಸೂಚನೆಯ ಸಾರ ಎರಡು ಪತ್ರಿಕೆಗಳಲ್ಲಿ, ಒಂದು ಸ್ಥಳೀಯ ಭಾಷೆಯದ್ದರಲ್ಲಿ, ಬರುತ್ತದೆ. ದಿನ ಎಣಿಸುವಾಗ ಪತ್ರಿಕೆಯ ತಾರೀಖನ್ನು ನಂಬಬೇಡಿ, ಗೆಜೆಟ್‌ನ ತಾರೀಖಿನಿಂದ ಎಣಿಸಿ. ಪತ್ರಿಕೆಗೆ ಬರುವಷ್ಟರಲ್ಲಿ ಕೆಲವು ದಿನ ಕಳೆದಿರಬಹುದು. ಇ-ಗೆಜೆಟ್ ಜಾಲತಾಣದಲ್ಲಿ ಅಧಿಸೂಚನೆ ಯಾರಿಗೂ ಸಿಗುತ್ತದೆ. ಊರಿನ ಹೆಸರನ್ನು ಹುಡುಕುವಾಗ ಇಂಗ್ಲಿಷಿನಲ್ಲಿ ನಾಲ್ಕು ರೀತಿಯ ಕಾಗುಣಿತ ಹಾಕಿ ನೋಡಿ, ನಮ್ಮ ಊರಿನ ಹೆಸರುಗಳು ಅಲ್ಲಿ ತಮ್ಮ ರೂಪದಲ್ಲಿ ಇರುವುದು ಕಡಿಮೆ.

ರಾಜ್ಯ ಸರ್ಕಾರದ ರಸ್ತೆಗೆ 2013ರ ಭೂಸ್ವಾಧೀನ ಕಾಯ್ದೆಯ ಅಡಿ ಪ್ರಕ್ರಿಯೆ ನಡೆದರೆ ಆಕ್ಷೇಪಣೆಗೆ 60 ದಿನ ಇರುತ್ತದೆ. ಯಾವ ಕಾಯ್ದೆ ಎಂದು ಮೊದಲು ನೋಡಿ. 60 ದಿನ ಇದೆ ಎಂದುಕೊಂಡು 21 ಕಳೆದುಹೋದರೆ ಅದು ತಿರುಗಿ ಬಾರದು. ರಾಷ್ಟ್ರೀಯ ಹೆದ್ದಾರಿಯಲ್ಲಿ 3ಎ ಬಂದ ಒಂದು ವರ್ಷದೊಳಗೆ, ಭೂಮಿ ವಶಕ್ಕೆ ಪಡೆಯುವ 3ಡಿ ಘೋಷಣೆ ಆಗದಿದ್ದರೆ ಅಧಿಸೂಚನೆ ಬಿದ್ದುಹೋಗುತ್ತದೆ. ಆದರೆ 3ಡಿ ಪ್ರಕಟವಾದ ಕ್ಷಣ ಭೂಮಿ ಕೇಂದ್ರ ಸರ್ಕಾರದ್ದಾಗುತ್ತದೆ. ಪರಿಹಾರ ಕೈಗೆ ಬಂದಿಲ್ಲ ಎಂಬ ಮಾತ್ರಕ್ಕೆ ಅದು ಇನ್ನೂ ನಿಮ್ಮದಾಗಿ ಉಳಿಯುವುದಿಲ್ಲ.

ಆಕ್ಷೇಪಣೆಯಲ್ಲಿ ‘ನಮಗೆ ಈ ರಸ್ತೆ ಬೇಡ, ನಾವು ಬಡ ರೈತರು’ ಎಂದಷ್ಟೇ ಬರೆದ ಅರ್ಜಿ ಒಂದು ಸಾಲಿನ ಆದೇಶದಲ್ಲಿ ತಿರಸ್ಕೃತವಾಗುತ್ತದೆ. ಇಡೀ ಗೆರೆ ಬದಲಾಗುವುದು ಅಪರೂಪ, ಅದನ್ನು ಒಪ್ಪಿಕೊಂಡೇ ಹೊರಡಬೇಕು. ಆದರೆ ಎಲ್ಲಿ ಸೇತುವೆ, ಎಲ್ಲಿ ಕೆಳದಾರಿ, ಎಲ್ಲಿ ಪೈಪು, ಯಾವ ಬದಿಗೆ ಸರ್ವಿಸ್ ರಸ್ತೆ ಎಂಬುದು ಆ ಹಂತದಲ್ಲಿ ಇನ್ನೂ ಕಾಗದದ ಮೇಲಿರುತ್ತದೆ. ಅಳತೆ ಸಮೇತ ಕೇಳಿದರೆ ಅಲ್ಲಿ ಬದಲಾವಣೆಗೆ ಜಾಗವಿದೆ. ದಿಶಾಂಕ್ ಅತ್ಯಂತ ಹೆಚ್ಚು ಕೆಲಸಕ್ಕೆ ಬರುವುದು ಈ ಅರ್ಜಿಗೆ. ಸಾಲು ಹೀಗಿರಲಿ: ‘ಸರ್ವೆ ನಂಬರ್ 112ರ ತೂಬಿನಿಂದ ಹೊರಟು 113, 114, 117 ದಾಟಿ 121ರವರೆಗೆ ಹೋಗುವ ಹೊಲಗಾಲುವೆಯನ್ನು ಉದ್ದೇಶಿತ ರಸ್ತೆ 114ರಲ್ಲಿ ಕತ್ತರಿಸುತ್ತದೆ. ಕೆಳಭಾಗದ 46 ಎಕರೆ ಗದ್ದೆಗೆ ಬೇರೆ ನೀರಿನ ಮೂಲವಿಲ್ಲ. ಈ ಅಕ್ಷಾಂಶ–ರೇಖಾಂಶದಲ್ಲಿ, ಕಾಲುವೆಯ ತಳಮಟ್ಟಕ್ಕೆ ಸರಿಯಾಗಿ ಬಾಕ್ಸ್ ಕಲ್ವರ್ಟ್ ಬೇಕು.’ ಜೊತೆಗೆ ಗ್ರಾಮ ನಕಾಶೆಯ ಪ್ರತಿಯ ಮೇಲೆ ಕೆಂಪು ಶಾಯಿಯಲ್ಲಿ ಆ ಕಾಲುವೆಯನ್ನು ಬರೆದು ಲಗತ್ತಿಸಿ. ಗ್ರಾಮ ನಕಾಶೆ ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಪಿಡಿಎಫ್ ಆಗಿ ಸಿಗುತ್ತದೆ. ಅರ್ಜಿ ಒಬ್ಬೊಬ್ಬರೂ ಬೇರೆ ಬೇರೆ ಕೊಡಿ, ನಕಾಶೆ ಮಾತ್ರ ಎಲ್ಲರದೂ ಒಂದೇ ಇರಲಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ವಿಚಾರಣೆಗೆ ಸ್ವತಃ ಹೋಗಬಹುದು, ವಕೀಲರನ್ನೂ ಕಳಿಸಬಹುದು.

ನೀರು: ನಕಾಶೆಯಲ್ಲಿ ಕಾಣದ ನಷ್ಟ

ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ, ಸಿಂಧನೂರು, ಮಾನ್ವಿ ಭಾಗದಲ್ಲಿ ರೈತರ ಚಿಂತೆಯ ಮುಕ್ಕಾಲು ಪಾಲು ಇಲ್ಲಿದೆ, ಕಳೆದುಕೊಳ್ಳುವ ಗುಂಟೆಗಳಲ್ಲಿ ಅಲ್ಲ. ಅವರ ಚಿಂತೆ ಪೂರ್ತಿ ನ್ಯಾಯವಾದದ್ದು. ದೊಡ್ಡ ಕಾಲುವೆ, ವಿತರಣಾ ಕಾಲುವೆಗಳಿಗೆ ರಸ್ತೆಯ ವಿನ್ಯಾಸದಲ್ಲಿ ಸೇತುವೆ ಇದ್ದೇ ಇರುತ್ತದೆ. ಅವು ನೀರಾವರಿ ಇಲಾಖೆಯ ದಾಖಲೆಯಲ್ಲಿವೆ. ತಪ್ಪಿಹೋಗುವುದು ತೂಬಿನಿಂದ ಕೆಳಗಿನ ಹೊಲಗಾಲುವೆ. ರೈತರೇ ತೋಡಿಕೊಂಡ, ವರ್ಷ ವರ್ಷ ಹೂಳೆತ್ತುವ, ಅಡಿ ಎರಡು ಅಡಿ ಅಗಲದ ಈ ಕಾಲುವೆಗಳು ಗ್ರಾಮ ನಕಾಶೆಯಲ್ಲೂ ಇಲ್ಲ, ದಿಶಾಂಕ್‌ನಲ್ಲೂ ಇಲ್ಲ. ಅವುಗಳನ್ನು ಬಲ್ಲವರು ನೀರಗಂಟಿ ಮತ್ತು ಗದ್ದೆಯವರು ಮಾತ್ರ. ಉಪಗ್ರಹ ಚಿತ್ರದಲ್ಲಿ ಕಾಲುವೆಯ ಹಸಿರು ಗೆರೆ ಕಾಣುವಲ್ಲಿ ಅದರ ಮೇಲೆ ದೂರ ಅಳೆದು, ಸರ್ವೆ ನಂಬರ್ ಗುರುತು ಹಾಕಿ ಇಡಬೇಕು.

ಪೈಪು ಹಾಕುತ್ತೇವೆ ಎಂದರೆ ಸಾಲದು, ಯಾವ ಮಟ್ಟಕ್ಕೆ ಎಂದು ಕೇಳಬೇಕು. ಈ ಭಾಗದ ಗದ್ದೆಗಳ ಇಳಿಜಾರು ಬಹಳ ಕಡಿಮೆ. ಹ್ಯೂಮ್ ಪೈಪಿನ (ಸಿಮೆಂಟ್ ಕೊಳವೆಯ) ತಳ ಕಾಲುವೆಯ ತಳಕ್ಕಿಂತ ಅರ್ಧ ಅಡಿ ಮೇಲಿದ್ದರೂ ನೀರು ಆಚೆಗೆ ದಾಟದೆ ಮೇಲಿನವನ ಗದ್ದೆಯಲ್ಲಿ ನಿಲ್ಲುತ್ತದೆ. ಅರ್ಧ ಅಡಿ ಕೆಳಗಿದ್ದರೆ ಹೂಳು ತುಂಬಿ ಎರಡೇ ಹಂಗಾಮಿನಲ್ಲಿ ಮುಚ್ಚಿಹೋಗುತ್ತದೆ. 60 ಮೀಟರ್ ಉದ್ದದ ಪೈಪಿನೊಳಗೆ ಸಲಿಕೆ ಹಿಡಿದು ಹೋಗಿ ಹೂಳು ತೆಗೆಯಲು ಯಾರಿಗೂ ಸಾಧ್ಯವಿಲ್ಲ. ಹಾಗಾಗಿ ಮನುಷ್ಯ ಬಗ್ಗಿ ಹೋಗುವಷ್ಟು ಎತ್ತರದ ಬಾಕ್ಸ್ ಕೇಳುವುದು ಲೇಸು. ಹೊಲಗಾಲುವೆಗಳು ಹತ್ತಿರ ಹತ್ತಿರ ಇದ್ದರೆ ರಸ್ತೆಯ ಮೇಲಿನ ಬದಿಗೆ ಒಂದು ಕೂಡುಗಾಲುವೆ ಮಾಡಿ, ಎರಡು ಮೂರನ್ನು ಒಂದೇ ಬಾಕ್ಸ್‌ಗೆ ತರಲು ಕೇಳಬಹುದು. ಆದರೆ ಕೂಡುಗಾಲುವೆಗೆ ಜಾಗ ರಸ್ತೆಯ 60 ಮೀಟರ್ ಒಳಗೇ ಇರಬೇಕು ಎಂದು ಬರೆಯಿರಿ. ಇಲ್ಲದಿದ್ದರೆ ಅದಕ್ಕೂ ನಿಮ್ಮ ಗದ್ದೆಯೇ ಹೋಗುತ್ತದೆ.

ಬರುವ ನೀರಿನಷ್ಟೇ ಹೋಗುವ ನೀರೂ ಮುಖ್ಯ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು–ಜವಳು ಎಷ್ಟು ಹೊಲಗಳನ್ನು ತಿಂದಿದೆ ಎಂಬುದು ಇಲ್ಲಿ ಬೇಸಾಯ ಮಾಡುವವರಿಗೆಲ್ಲ ಗೊತ್ತು. ಗದ್ದೆಯ ಬಸಿ ನೀರು ಬಸಿಗಾಲುವೆ ಹಿಡಿದು ಹಳ್ಳಕ್ಕೆ ಇಳಿಯಬೇಕು. ನಡುವೆ ಎರಡು ಮೂರು ಮೀಟರ್ ಎತ್ತರದ ಗರಸಿನ ಒಡ್ಡು ಬಂದರೆ ಅದು ಊರುದ್ದದ ಕಟ್ಟೆಯಾಗುತ್ತದೆ. ಮೇಲಿನ ಬದಿಯಲ್ಲಿ ನೀರು ನಿಂತು ಜವಳಾಗುತ್ತದೆ, ಒಣಗಿದಾಗ ಉಪ್ಪು ಮೇಲೇರಿ ಸವಳಾಗುತ್ತದೆ. ಇದು ಒಂದು ವರ್ಷದಲ್ಲಿ ಕಾಣುವುದಿಲ್ಲ. ಮೂರು ನಾಲ್ಕು ವರ್ಷದ ಮೇಲೆ ಬಿಳಿ ಪದರ ಕಾಣುವ ಹೊತ್ತಿಗೆ ಪರಿಹಾರದ ಕಡತ ಮುಚ್ಚಿರುತ್ತದೆ. ಅದಕ್ಕೇ ಬಸಿಗಾಲುವೆಗಳ ಪಟ್ಟಿ ಆಕ್ಷೇಪಣೆಯಲ್ಲಿ ಪ್ರತ್ಯೇಕವಾಗಿ ಇರಬೇಕು.

ಎರಿ (ಕಪ್ಪು ಮಣ್ಣಿನ) ಭೂಮಿಯ ಖುಷ್ಕಿ (ಮಳೆಯಾಶ್ರಿತ) ಹೊಲದಲ್ಲಿ ಚಿತ್ರ ಬೇರೆ. ಲಿಂಗಸುಗೂರು, ದೇವದುರ್ಗ ಕಡೆ ಜೋರು ಮಳೆ ಬಿದ್ದಾಗ ನೀರು ಹಳ್ಳದಲ್ಲಷ್ಟೇ ಹರಿಯುವುದಿಲ್ಲ, ಹೊಲದ ಮೇಲೆ ಚಾಪೆಯಂತೆ ಹರಡಿ ಹರಿಯುತ್ತದೆ. ರಸ್ತೆಯ ಒಡ್ಡು ಆ ಹರಿವನ್ನೆಲ್ಲ ಒಂದು ಕಲ್ವರ್ಟ್‌ಗೆ ದೂಡಿದರೆ ಅದರ ಬಾಯಿಯ ಕೆಳಗಿನ ಹೊಲದಲ್ಲಿ ಕೊರಕಲು ಬೀಳುತ್ತದೆ, ಮೇಲಿನ ಹೊಲದಲ್ಲಿ ನೀರು ನಿಂತು ಹತ್ತಿ, ತೊಗರಿಯ ಬೇರು ಕೊಳೆಯುತ್ತದೆ. ಕಲ್ವರ್ಟ್‌ನ ಕೆಳಬದಿಗೆ ಕಲ್ಲು ಹಾಸು ಹಾಕಿ ಹಳ್ಳದವರೆಗೆ ಕಾಲುವೆ ತಲುಪಿಸಬೇಕು ಎಂದು ಬರೆಯದಿದ್ದರೆ, ರಸ್ತೆಯ ಗಡಿಯಲ್ಲಿ ಕೆಲಸ ನಿಂತುಬಿಡುತ್ತದೆ.

ದಾರಿ

ಹೊಸ ಮಾದರಿಯ ಹೆದ್ದಾರಿಗಳಿಗೆ ಎಲ್ಲೆಂದರಲ್ಲಿ ಹತ್ತಿ ಇಳಿಯಲು ಆಗದು, ಬೇಲಿ ಇರುತ್ತದೆ. ಹೊಲ ಎರಡು ತುಂಡಾದವನಿಗೆ ಹತ್ತಿರದ ಕೆಳದಾರಿ ಒಂದೂವರೆ ಕಿಲೋಮೀಟರ್ ದೂರದಲ್ಲಿದ್ದರೆ ಆಚೆ ತುಂಡಿಗೆ ಹೋಗಲು ಮೂರು, ಹೋಗಿ ಬರಲು ಆರು ಕಿಲೋಮೀಟರ್. ದಿನಕ್ಕೆ ಎರಡು ಸಲ ಎತ್ತು, ಎಮ್ಮೆ, ಆಳು ಕಟ್ಟಿಕೊಂಡು ಯಾರು ಹೋದಾರು? ದಿಶಾಂಕ್‌ನಲ್ಲಿ ನಕಾಶೆ ದಾರಿಗಳು ಕಾಣುತ್ತವೆ. ಅವು ರಸ್ತೆಯನ್ನು ದಾಟುವ ಪ್ರತಿ ಜಾಗವನ್ನೂ ಗುರುತಿಸಿ ಕೆಳದಾರಿ ಕೇಳಿ. ನಕಾಶೆಯಲ್ಲಿಲ್ಲದೆ ರೂಢಿಯಿಂದ ಬಂದ ಬಂಡಿ ದಾರಿಗಳಿಗೆ ಗ್ರಾಮ ಪಂಚಾಯಿತಿಯ ಠರಾವು ಜೊತೆಗಿರಲಿ.

ಎತ್ತರವನ್ನೂ ನಮೂದಿಸಿ. 4 ಮೀಟರ್ ಎತ್ತರದ ಸಣ್ಣ ಕೆಳದಾರಿಯಲ್ಲಿ ಖಾಲಿ ಟ್ರ್ಯಾಕ್ಟರ್ ಸುಲಭವಾಗಿ ಹೋಗುತ್ತದೆ. ಹತ್ತಿಯ ಅಂಡಿಗೆ ಅಥವಾ ಹುಲ್ಲು ಹೇರಿದ ಟ್ರಾಲಿ, ಲಾರಿಯ ಮೇಲೆ ಏರಿಸಿ ತರುವ ಭತ್ತ ಕೊಯ್ಯುವ ಯಂತ್ರ ಹೋಗುವುದು ಅನುಮಾನ. ಕೆಳದಾರಿಯ ನೆಲ ಸುತ್ತಲ ಹೊಲಕ್ಕಿಂತ ತಗ್ಗಿದ್ದರೆ ಮಳೆಗಾಲ ಪೂರ್ತಿ ಅದು ಹೊಂಡ, ನೀರು ಹೊರಹೋಗಲು ಚರಂಡಿ ಬೇಕೆಂದು ಅದೇ ಸಾಲಿನಲ್ಲಿ ಕೇಳಿ.

ಹೊಸ ರಾಷ್ಟ್ರೀಯ ಹೆದ್ದಾರಿಗೆ ಪರಿಸರ ಅನುಮತಿಯ ಸಾರ್ವಜನಿಕ ಆಲಿಕೆ ನಡೆದರೆ ಇದೇ ಪಟ್ಟಿಯನ್ನು ಅಲ್ಲಿಯೂ ಕೊಡಬೇಕು. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಸೂಚನೆ ಕೊಡುವುದು ಕಡ್ಡಾಯ. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಯಲ್ಲಿ ನೋಡಲು ಸಿಗುತ್ತದೆ, ಸಾರಾಂಶ ಕನ್ನಡದಲ್ಲಿರುತ್ತದೆ. ಆಲಿಕೆಯ ವಿಡಿಯೊ ಚಿತ್ರೀಕರಣವಾಗುವುದರಿಂದ ಸರ್ವೆ ನಂಬರ್ ಹೇಳಿಯೇ ಮಾತಾಡಿ.

ಜಂಟಿ ಅಳತೆ, ಪರಿಹಾರ

ಇಲ್ಲಿಗೆ ಬರುವಷ್ಟರಲ್ಲಿ ದಿಶಾಂಕ್‌ನ ಕೆಲಸ ಬಹುಪಾಲು ಮುಗಿದಿರುತ್ತದೆ. ಜಂಟಿ ಅಳತೆಗೆ ಕಂದಾಯ, ಸರ್ವೆ, ಹೆದ್ದಾರಿಯವರು ಒಟ್ಟಿಗೆ ಬರುವ ದಿನ ಹೊಲದಲ್ಲಿ ನೀವೇ ಇರಬೇಕು. ಕೊಳವೆಬಾವಿ, ನೆಲದಡಿಯ ಪೈಪ್‌ಲೈನ್, ಕೃಷಿ ಹೊಂಡ, ಹನಿ ನೀರಾವರಿ, ಬದುವಿನ ಬೇವು, ಬನ್ನಿ, ಒಂದೊಂದನ್ನೂ ಬರೆಸಿ, ಓದಿಸಿಕೊಂಡು, ಆಮೇಲೆ ಸಹಿ. ಕುಷ್ಟಗಿ ಕಡೆಯ ದಾಳಿಂಬೆ, ಮಾವಿನ ತೋಟದವರು ಗಿಡದ ಸಂಖ್ಯೆ, ವಯಸ್ಸು, ಸಾಲಿನ ಅಂತರವನ್ನು ಮೊದಲೇ ಎಣಿಸಿ, ಸ್ಥಳ–ತಾರೀಖು ಮೂಡುವ ಫೋಟೊ ಇಟ್ಟುಕೊಳ್ಳಿ. ಹಣ್ಣಿನ ಗಿಡಕ್ಕೆ ತೋಟಗಾರಿಕೆ, ಮರಕ್ಕೆ ಅರಣ್ಯ, ಕಟ್ಟಡಕ್ಕೆ ಲೋಕೋಪಯೋಗಿ ಇಲಾಖೆ ಬೆಲೆ ಕಟ್ಟುವುದು ರೂಢಿ.

ಬೆಲೆ ನಿಲ್ಲುವುದು ಪಹಣಿಯ ಮೇಲೆ. ಹತ್ತಾರು ವರ್ಷದಿಂದ ಭತ್ತ ಬೆಳೆಯುವ ಗದ್ದೆ ದಾಖಲೆಯಲ್ಲಿ ಇನ್ನೂ ಖುಷ್ಕಿ ಎಂದಿದ್ದರೆ ಖುಷ್ಕಿಯ ಮಾರ್ಗಸೂಚಿ ದರವೇ ಲೆಕ್ಕಕ್ಕೆ ಬರುತ್ತದೆ. ನೀರಿನ ಕರದ ರಸೀದಿ, ಪಂಪ್‌ಸೆಟ್‌ನ ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರ್, ಬೆಳೆ ಸಮೀಕ್ಷೆಯ ವಿವರ ಜೋಡಿಸಿ ಮುಂಚೆಯೇ ತಿದ್ದುಪಡಿ ಕೇಳಬೇಕು. 3ಎ ಪ್ರಕಟವಾದ ದಿನದ ಮಾರುಕಟ್ಟೆ ಬೆಲೆಯೇ ಆಧಾರ. ಹಿಂದಿನ ಮೂರು ವರ್ಷದ ಮಾರಾಟ ಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟನ್ನು ತೆಗೆದು ಸರಾಸರಿ ನೋಡುತ್ತಾರೆ. ನೋಂದಣಿ ಖರ್ಚು ಉಳಿಸಲು ಕಡಿಮೆ ಬೆಲೆ ಬರೆಸಿದ ಪತ್ರಗಳೆಲ್ಲ ಆಗ ಊರಿಗೇ ಮುಳುವಾಗುತ್ತವೆ. ಎಕರೆಗೆ 8 ಲಕ್ಷ ಎಂದು ತೀರ್ಮಾನವಾಯಿತು ಎಂದುಕೊಳ್ಳಿ. ಗ್ರಾಮೀಣ ಜಮೀನಿಗೆ 1ರಿಂದ 2ರವರೆಗಿನ ಗುಣಕ ಇದೆ. ಗುಣಕ 1 ಆದರೆ ಸಾಂತ್ವನ ಮೊತ್ತ ಶೇ 100 ಸೇರಿ 16 ಲಕ್ಷ, 2 ಆದರೆ 32 ಲಕ್ಷ. ಅದರ ಮೇಲೆ ಮಾರುಕಟ್ಟೆ ಬೆಲೆಗೆ ವರ್ಷಕ್ಕೆ ಶೇ 12 ಹೆಚ್ಚುವರಿ ಮೊತ್ತ. ಆದೇಶದ ಪ್ರತಿಯಲ್ಲಿ ಈ ನಾಲ್ಕೂ ಬೇರೆ ಬೇರೆ ಸಾಲಿನಲ್ಲಿ ಇವೆಯೇ ನೋಡಿ.

ಬಹಳ ಜನ ಬಿಟ್ಟುಬಿಡುವ ಬೇಡಿಕೆ ಒಂದಿದೆ. ಹೊಲ ತುಂಡಾಗಿ ಉಳಿದ ಭಾಗಕ್ಕೆ ಆದ ಹಾನಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಕಾಯ್ದೆಯ 3ಜಿ (7) ಹೇಳುತ್ತದೆ. ಆ 35 ಗುಂಟೆಯ ತ್ರಿಕೋನ, ನೀರು ತಪ್ಪಿದ ಪಟ್ಟಿ, ಆರು ಕಿಲೋಮೀಟರ್ ಸುತ್ತು, ಎಲ್ಲವೂ ಇದರಡಿ ಬರುತ್ತವೆ. ಕೇಳದೆ ಅವು ಯಾವ ಪಟ್ಟಿಗೂ ಸೇರುವುದಿಲ್ಲ. ಮೊದಲ ದಿನ ತೆಗೆದ ದಿಶಾಂಕ್ ಅಳತೆ, ಕಲ್ಲಿನ ಫೋಟೊ, ಕಾಲುವೆಯ ನಕಾಶೆ, ಆಕ್ಷೇಪಣೆಯ ಸ್ವೀಕೃತಿ, ಇಷ್ಟನ್ನೂ ಕ್ಲೇಮು ಅರ್ಜಿಯ ಹಿಂದೆ ಇಡಿ. ಮೊತ್ತ ಒಪ್ಪಿಗೆಯಾಗದಿದ್ದರೆ 3ಜಿ (5) ಪ್ರಕಾರ ಮಧ್ಯಸ್ಥಗಾರರ ಮುಂದೆ ಹೋಗಬಹುದು, ಅಲ್ಲಿಯೂ ಬೇಕಾಗುವುದು ಇದೇ ಕಡತ. ಫೋನ್ ಕೆಟ್ಟರೆ ಸ್ಕ್ರೀನ್‌ಶಾಟ್ ಹೋಯಿತು, ಆದ್ದರಿಂದ ಬಣ್ಣದಲ್ಲಿ ಎರಡು ಪ್ರತಿ ಮುದ್ರಿಸಿ, ಒಂದನ್ನು ಪಹಣಿಗಳ ಜೊತೆ ಮನೆಯಲ್ಲಿ, ಇನ್ನೊಂದನ್ನು ಊರಲ್ಲಿ ಎಲ್ಲರೂ ನಂಬುವ ಒಬ್ಬರ ಬಳಿ ಇಡಿ.